ಡ್ರೈವರ್ ರಾಯರು

ಸೈಕಲ್ಲಿಗಿಂತ ಮಿಗಿಲಾದ ಯಾವ ವಾಹನವನ್ನೂ ಆಜನ್ಮ ನಡೆಸಿ ಅರಿಯದ ನಮ್ಮ ರಾಯರಿಗೆ ಮೈಸೂರಿನ ಸರಸ್ವತಿಪುರದ ಈ ಬೀದಿಯಲ್ಲಿ ‘ಡ್ರೈವರ್ ರಾಯರು’ ಎಂಬ ಅಭಿಧಾನ ಪ್ರಾಪ್ತವಾದುದಕ್ಕೆ ಕಾರಣ, ಯಾರ ಮನೆಯಿಂದ ಲ್ಯಾಪ್‌ಟಾಪಿನ ಕ್ಯಾಮರಾ ಕೆಟ್ಟಿತೆಂದು ಕರೆ ಬಂದರೂ, ಚಪ್ಪಲಿ ಬಿಟ್ಟು ಹೊಸಿಲು ದಾಟುವಷ್ಟರಲ್ಲಿಯೇ ಅವರು ‘ಡ್ರೈವರ್ ಹೋಗಿರಬೇಕು’ ಎಂದು ನಿದಾನ ಹೇಳಿಬಿಡುವುದು. ಬ್ಯಾಂಕಿನಿಂದ ನಿವೃತ್ತರಾಗಿದ್ದ ಅವರು, 2020ರ ಲಾಕ್‌ಡೌನಿನಲ್ಲಿ ಮಕ್ಕಳ ಪಾಠ, ಹಿರಿಯರ ಹರಟೆ, ಕಡೆಗೆ ಹೆಣ್ಣು ನೋಡುವ ಶಾಸ್ತ್ರವೂ ಪರದೆಯ ಮೇಲೆಯೇ ನಡೆಯತೊಡಗಿದಾಗ, ಗುರುಮುಖವಿಲ್ಲದೆ ಈ ವಿದ್ಯೆಯನ್ನು ಸಂಪಾದಿಸಿದರು. ಇಂಥವರೊಬ್ಬರು ಈಗ ಪ್ರತಿ ಬೀದಿಯಲ್ಲಿಯೂ ಉಂಟು. ಶುಲ್ಕ ಕೇಳರು, ಕಾಫಿ ಬೇಡವೆನ್ನರು.

ಮೊನ್ನೆ ಭಾನುವಾರ ಮೇಷ್ಟರ ಮನೆಯಿಂದ ಕರೆ ಬಂದಿತು. ಮೇಷ್ಟರ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ನಮ್ಮ ಸಂಜೆ ಏಳೂವರೆಗೆ, ಎಂದರೆ ಅಲ್ಲಿಯ ಬೇಸಗೆಯ ಬೆಳಗ್ಗೆ ಹತ್ತಕ್ಕೆ, ಮೊಮ್ಮಗನನ್ನು ತಂದು ಪರದೆಯ ಮುಂದೆ ಕೂರಿಸುತ್ತಾಳೆ. ಅಂದು ಮೊಮ್ಮಗ ತಾತನಿಗೆ ಕಂಡ. ತಾತ ಮಾತ್ರ ಮೊಮ್ಮಗನಿಗೆ ಕಾಣಲಿಲ್ಲ.

ರಾಯರು ಬಂದು, ಕನ್ನಡಕವನ್ನು ಹಣೆಗೇರಿಸಿ, ಕ್ಯಾಮರಾದ ಪಕ್ಕದ ಪುಟ್ಟ ದೀಪವನ್ನು ನಿರುಕಿಸಿದರು. ದೀಪ ಉರಿಯುತ್ತಿತ್ತು, ಚಿತ್ರ ಬರಿಯ ಕಪ್ಪು. ದೀಪ ಉರಿದು ಚಿತ್ರ ಕಪ್ಪಾಗಿದ್ದರೆ ಕ್ಯಾಮರಾ ಎಚ್ಚರವಾಗಿಯೇ ಇದೆ, ಅದರ ಕಣ್ಣಿಗೆ ಏನೋ ಅಡ್ಡ ಬಂದಿದೆ ಎಂಬುದು ಈ ಶಾಸ್ತ್ರದ ಪ್ರಥಮ ಪಾಠ. ಅವರ ಹೆಬ್ಬೆರಳು ಪರದೆಯ ಮೇಲಂಚನ್ನು ಸವರುತ್ತ ಹೋಗಿ, ಅಲ್ಲಿಯ ಜಾರುಮುಚ್ಚಳವನ್ನು ಮುಟ್ಟಿ, ಅದು ಮುಚ್ಚಿರುವುದನ್ನು ಅರಿತು, ಹಾಗೆಯೇ ಬಿಟ್ಟು ಹಿಂದಿರುಗಿದ್ದನ್ನು ನಾನು ಕಣ್ಣಾರೆ ಕಂಡೆ. (2016ರಲ್ಲಿ ಫೇಸ್‌ಬುಕ್ಕಿನ ಜುಕರ್‌ಬರ್ಗ್ ತಮ್ಮ ಲ್ಯಾಪ್‌ಟಾಪಿನ ಕ್ಯಾಮರಾಕ್ಕೆ ಟೇಪು ಅಂಟಿಸಿಕೊಂಡಿದ್ದುದು ಛಾಯಾಚಿತ್ರವೊಂದರಲ್ಲಿ ಬಯಲಾಗಿ ಲೋಕ ನಕ್ಕಿತಷ್ಟೆ, ಈಗ ಎಷ್ಟೋ ಯಂತ್ರಗಳಿಗೆ ತಯಾರಕರೇ ಮುಚ್ಚಳ ಕೂರಿಸಿ, ಅದನ್ನು ಮರೆಯುವ ಭಾಗ್ಯವನ್ನು ಮಾತ್ರ ನಮಗೆ ಬಿಟ್ಟಿದ್ದಾರೆ.)

“ಮೇಷ್ಟರೇ, ಇದು ಸ್ವಲ್ಪ ಆಳಕ್ಕೆ ಹೋಗಿದೆ” ಎಂದರು ರಾಯರು.

ಆಮೇಲೆ ಚಿಕಿತ್ಸೆ. ಕೀಲಿಮಣೆಯ ಮೇಲಿನ ಸಾಲಿನಲ್ಲಿ ಕ್ಯಾಮರಾದ ಚಿತ್ರವಿರುವ ಕೀಲಿಯನ್ನು ಒತ್ತಿದ್ದಾಯಿತು. ಸೆಟ್ಟಿಂಗ್ಸಿನೊಳಗೆ ಪ್ರೈವೆಸಿಯ ಪುಟ ತೆರೆದು, ಯಾವ ಯಾವ ಆ್ಯಪಿಗೆ ಕ್ಯಾಮರಾ ಬಳಸಲು ಅನುಮತಿಯುಂಟೆಂದು ಗಟ್ಟಿಯಾಗಿ ಓದಿದ್ದಾಯಿತು. ಬೇರೊಂದು ಆ್ಯಪು ಕ್ಯಾಮರಾವನ್ನು ಹಿಡಿದು ಕುಳಿತಿದ್ದೀತೆಂದು ಮಗಳ ಕರೆಯೊಂದನ್ನುಳಿದು ತೆರೆದಿದ್ದ ಸಮಸ್ತವನ್ನೂ ಮುಚ್ಚಿದ್ದಾಯಿತು. ಕಟ್ಟಕಡೆಗೆ ಡಿವೈಸ್ ಮ್ಯಾನೇಜರಿನ ಗರ್ಭಗುಡಿಯನ್ನು ಹೊಕ್ಕು, ಕ್ಯಾಮರಾದ ಹೆಸರನ್ನು ಆರಿಸಿ, ಅನ್‌ಇನ್‌ಸ್ಟಾಲ್ ಒತ್ತಿಯೇಬಿಟ್ಟರು.

“ತೆಗೆದೇಬಿಟ್ಟಿರಾ ರಾಯರೇ?” ಎಂದು ಮೇಷ್ಟರು ಎದ್ದು ನಿಂತರು.

“ಗಾಬರಿ ಬೇಡಿ. ಹುಡುಕು ಎಂದರೆ ತಾನೇ ಬರುತ್ತೆ.”

ಈ ಆತಂಕದ ಕ್ಷಣಕ್ಕೆ ಸರಿಯಾಗಿ ಮೇಷ್ಟರ ಪತ್ನಿ ಕಾಫಿ ತಂದರು. ಲೋಟವನ್ನೆತ್ತಿ ರಾಯರು ತಮ್ಮ ಪ್ರಿಯವಾದ ಪುರಾಣಕ್ಕೆ ತೊಡಗಿದರು: ಜಗತ್ತಿನ ಮೊತ್ತಮೊದಲ ವೆಬ್‌ಕ್ಯಾಮ್ ಹುಟ್ಟಿದ್ದೇ ಕಾಫಿಯ ದೆಸೆಯಿಂದ; 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ಪ್ರಯೋಗಾಲಯದ ಪಂಡಿತರು, ಬೇರೆ ಅಂತಸ್ತಿನಿಂದ ಇಳಿದು ಬಂದು ಬರಿದಾದ ಕಾಫಿ ಪಾತ್ರೆಯನ್ನು ಕಂಡು ನೊಂದು, ಆ ಪಾತ್ರೆಯ ಮುಂದೊಂದು ಕ್ಯಾಮರಾ ನಿಲ್ಲಿಸಿದರು; 1993ರಲ್ಲಿ ಅದು ಲೋಕಕ್ಕೆಲ್ಲ ಕಾಣುವಂತಾಗಿ, 2001ರ ತನಕ ನಡೆಯಿತು. “ಕಾಫಿ ಕಾಯುವುದಕ್ಕೆ ಹುಟ್ಟಿದ ವಸ್ತು, ತಾಯೀ, ಕಾಫಿ ಇಲ್ಲದ ಕಡೆ ಅದು ಕೆಡದೆ ಇನ್ನೇನು?” ಎಂದು ಖಾಲಿ ಲೋಟವನ್ನು ಕೆಳಗಿಟ್ಟರು.

ಇದು ವಂಚನೆಯಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದುಂಟು. ಹಿಂದೊಮ್ಮೆ ಹಿಂಬೀದಿಯ ಮನೆಯೊಂದರಲ್ಲಿ ರಾಯರು ಬಂದ ಕ್ಷಣದಲ್ಲಿಯೇ ಉಗುರಿನಿಂದ ಮುಚ್ಚಳ ಸರಿಸಿ, “ಇದನ್ನು ಮುಚ್ಚಿದವರು ಯಾರು?” ಎಂದು ಮುಗ್ಧವಾಗಿ ಕೇಳಿದರಂತೆ, ಗಂಡ ಹೆಂಡತಿಯನ್ನು ನೋಡಿದ, ಹೆಂಡತಿ ಅತ್ತೆಯನ್ನು ನೋಡಿದಳು, ಕಾಫಿ ಬರಲಿಲ್ಲ. ಅಂದಿನಿಂದ ಅವರು, ಕ್ಷುಲ್ಲಕ ರೋಗಕ್ಕೆ ದೀರ್ಘ ಹೆಸರಿಟ್ಟು ರೋಗಿಯ ಮಾನ ಕಾಯುವ ಹಳೆಯ ಪಂಡಿತ ವೈದ್ಯರ ಮಾರ್ಗವನ್ನು ಹಿಡಿದಿದ್ದಾರೆ. ನಿಜವಾದ ವ್ಯಾಧಿಯಾದರೆ ಮಾತು ಬೇರೆ: ಪರದೆಯ ಕೀಲಿನೊಳಗೆ ಹಾಯ್ದಿರುವ ತೆಳುವಾದ ತಂತಿ ಸವೆದು ಕ್ಯಾಮರಾ ಸತ್ತಿದೆಯೆಂದು ತೋರಿದರೆ ಒಂದು ಕ್ಷಣವೂ ಕಾಲಹರಣ ಮಾಡರು; ಅಂಗಡಿಗೆ ಕೊಡಿ, ಇಲ್ಲವೇ ಯುಎಸ್‌ಬಿಗೆ ಚುಚ್ಚುವ ಬೇರೆ ಕ್ಯಾಮರಾ ತನ್ನಿ ಎಂದು ಹೇಳಿ, ಕಾಫಿಗೂ ನಿಲ್ಲದೆ ಹೊರಡುತ್ತಾರೆ.

ಮೇಷ್ಟರ ಮನೆಯಲ್ಲಿ ಪ್ರತಿ ಶುಕ್ರವಾರ ದೇವರ ಮನೆಯೊಡನೆ ಲ್ಯಾಪ್‌ಟಾಪಿಗೂ ಒದ್ದೆ ಬಟ್ಟೆಯ ಉಪಚಾರ ನಡೆಯುವುದೆಂಬುದು ರಾಯರಿಗೆ ಗೊತ್ತು. ಅವರು ‘ಸ್ಕ್ಯಾನ್’ ಒತ್ತಿ, ಪರದೆಯನ್ನು ಸರಿಯಾಗಿ ನಿಲ್ಲಿಸುವವರಂತೆ ಎರಡು ಕೈಯಿಂದಲೂ ಹಿಡಿದರು. ಕ್ಯಾಮರಾದ ಹೆಸರು ಪಟ್ಟಿಗೆ ಮರಳುವುದಕ್ಕೂ ಅವರ ಹೆಬ್ಬೆರಳು ಮೇಲಂಚಿನಲ್ಲಿ ಒಂದಿಷ್ಟು ಸರಿಯುವುದಕ್ಕೂ ಸರಿಹೋಯಿತು.

“ಅಪ್ಪಾ, ಈಗ ಕಾಣಿಸ್ತಿದ್ದೀರಿ! ಏನಾಗಿತ್ತು?” ಎಂದಳು ಮಗಳು.

“ಡ್ರೈವರೇ ಹೋಗಿತ್ತಮ್ಮಾ!” ಎಂದು ಮೇಷ್ಟರು, ದೊಡ್ಡ ಕಾಯಿಲೆಯಿಂದ ಎದ್ದು ಬಂದವರ ಹೆಮ್ಮೆಯಿಂದ ಎದೆಯುಬ್ಬಿಸಿ ಹೇಳಿದರು.

ರಾಯರು ಮೇಷ್ಟರ ಪತ್ನಿಯ ಕಡೆಗೆ ತಿರುಗಿ, ದನಿ ತಗ್ಗಿಸಿ ಪಥ್ಯ ಹೇಳಿದರು:

“ಒರೆಸುವಾಗ ಈ ಮೇಲಂಚಿಗೆ ಮಾತ್ರ ಬಟ್ಟೆ ತಾಗಿಸಬೇಡಿ ತಾಯೀ. ಡ್ರೈವರಿಗೆ ಶೀತ ಆಗಿಬರೋಲ್ಲ.”