ರಿಕ್ತಶಾಖಾ ಮೀಮಾಂಸೆ ಅಥವಾ ಹಕ್ಕಿಯಿಲ್ಲದ ಕೊಂಬೆಯ ಶಾಸ್ತ್ರೀಯ ವಿವೇಚನೆ

ಕಾಡಿನ ಪುಟ್ಟ ಹಕ್ಕಿಗಳ ಛಾಯಾಗ್ರಹಣವೆಂಬ ವಿದ್ಯೆಯಿಂದ ಲೋಕಕ್ಕೆ ಈವರೆಗೆ ದಕ್ಕಿರುವುದು ಬಹುಪಾಲು ಕೊಂಬೆಗಳ ಚಿತ್ರ. ಹೀಗಿದ್ದೂ ವಿದ್ವತ್ ಪ್ರಪಂಚ ಹಕ್ಕಿ ಸಿಕ್ಕ ಬೆರಳೆಣಿಕೆಯ ಚಿತ್ರಗಳನ್ನೇ ಹಿಡಿದು ಕುಣಿಯುತ್ತ, ಹಾರ್ಡ್ ಡಿಸ್ಕುಗಳಲ್ಲಿ ಕೊಳೆಯುತ್ತಿರುವ ಅಪಾರ ಆಕರಸಾಮಗ್ರಿಯನ್ನು ಕಡೆಗಣಿಸಿರುವುದು ಶೋಚನೀಯ. ಆ ಲೋಪವನ್ನು ತುಂಬಿಕೊಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪೂರ್ವಸೂರಿಗಳ ಸ್ಮರಣೆ ಪ್ರಬಂಧಧರ್ಮ. ಒಂದು ರೀಲಿಗೆ 36 ಚಿತ್ರಗಳಷ್ಟೇ ಸಿಗುತ್ತಿದ್ದ ಕಾಲದಲ್ಲಿ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಬೆನ್ನು ಹತ್ತಿದ್ದರು. ಆದರೆ ಅವರ ಚಿತ್ರಗಳಲ್ಲಿ ಹಕ್ಕಿಯೇ ಇರುವುದರಿಂದ ನಮ್ಮ ಅಧ್ಯಯನಕ್ಕೆ ಅವು ಉಪಯೋಗಕ್ಕೆ ಬರಲಿಲ್ಲ. ನಮಗೆ ಒದಗಿ ಬಂದವನು ‘ತರ್ಕಸಂಗ್ರಹ’ದ ಅನ್ನಂಭಟ್ಟ. ದ್ರವ್ಯ, ಗುಣ, ಕರ್ಮ ಎಂದು ಪದಾರ್ಥಗಳನ್ನು ಎಣಿಸುತ್ತ ಬಂದ ಆ ಮಹಾನುಭಾವ ಏಳನೆಯದಾಗಿ ಅಭಾವವನ್ನೂ ಸೇರಿಸಿ, ಅದರಲ್ಲಿ ನಾಲ್ಕು ಬಗೆ ಹೇಳಿದ್ದಾನೆ. ಕ್ಯಾಮೆರಾ ಹುಟ್ಟುವ ಮೊದಲೇ ನಮ್ಮ ಮೆಮೊರಿ ಕಾರ್ಡುಗಳ ಸೂಚಿಯನ್ನು ತಯಾರಿಸಿಟ್ಟವರು ಇನ್ನೊಬ್ಬರಿಲ್ಲ.

ಕ್ಷೇತ್ರಕಾರ್ಯಕ್ಕೆ ಆರಿಸಿಕೊಂಡದ್ದು ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ಕಾಡು. ವಿಷಯಪಕ್ಷಿ: ಎಲೆ ಉಲಿಯಕ್ಕಿ, ಅಂದರೆ ಫೋಟೋದವರು ಹಲ್ಲು ಕಚ್ಚಿ ಹೇಳುವ ವಾರ್ಬ್ಲರ್. ಉದ್ದ ಸುಮಾರು 10 ಸೆಂಟಿಮೀಟರ್, ತೂಕ ಸುಮಾರು 8 ಗ್ರಾಂ. ಇದನ್ನು ಹಿಡಿಯಲು ಒಯ್ಯುವ 600 ಎಂಎಂ ಎಫ್4 ಲೆನ್ಸಿನ ತೂಕ ಮೂರು ಕಿಲೋ. ಚಳಿಗಾಲಕ್ಕೆಂದು ಹಿಮಾಲಯದ ಕಡೆಯಿಂದ ಇಷ್ಟು ದೂರ ಹಾರಿ ಬಂದ ಪ್ರಾಣಿ ಒಂದು ಟೊಂಗೆಯ ಮೇಲೆ ಎರಡು ಸೆಕೆಂಡು ದಣಿವಾರಿಸಿಕೊಳ್ಳಬಾರದೇ ಎಂದು ಕೇಳುವವರುಂಟು. ಕೂರುವ ಅಭ್ಯಾಸ ಇದ್ದಿದ್ದರೆ ಅದು ಹಿಮಾಲಯದಲ್ಲೇ ಕೂತಿರುತ್ತಿತ್ತು. ಇನ್ನೂ ನಿಜ ಹೇಳಬೇಕೆಂದರೆ, ಅಷ್ಟು ಸಣ್ಣ ಮೈಯಿಂದ ಶಾಖ ಬೇಗ ಸೋರಿಹೋಗುತ್ತದೆ. ಎಲೆಯಡಿಯ ಒಂದೊಂದೇ ಹುಳವನ್ನು ಹೆಕ್ಕುತ್ತ ಹಗಲಿಡೀ ಓಡಾಡದೆ ಅದಕ್ಕೆ ಗತಿಯಿಲ್ಲ. ಹೊಟ್ಟೆಪಾಡಿನವರಿಗೆ ಪೋಸು ಕೊಡುವ ಪುರುಸೊತ್ತೆಲ್ಲಿ?

ಈಗ ಅಭಾವಗಳು. ಹಕ್ಕಿ ಇನ್ನೇನು ಬಂದು ಕೂರುತ್ತದೆಂದು ಕಾದು, ಆಸೆ ತಡೆಯಲಾರದೆ ಒತ್ತಿಬಿಟ್ಟ ಚಿತ್ರ ಪ್ರಾಗಭಾವ. ಇದರ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಹೊಸಬರ ಕಾರ್ಡಿನಲ್ಲಿ ಹೇರಳ.

ನಮ್ಮ ಶಾಸ್ತ್ರದ ತಿರುಳು ಪ್ರಧ್ವಂಸಾಭಾವ: ಇದ್ದ ಹಕ್ಕಿ ಹೋದ ಮೇಲಿನ ಇಲ್ಲದಿರುವಿಕೆ. ಕಣ್ಣು ಕಂಡದ್ದನ್ನು ಬೆರಳು ನಡೆಸಿಕೊಡಲು ಮನುಷ್ಯನಿಗೆ ಕಾಲು ಸೆಕೆಂಡಿನಷ್ಟು ಬೇಕು. ಆಮೇಲೆ ಷಟರ್ 1/2000 ಸೆಕೆಂಡಿನಲ್ಲಿ ತೆರೆದು ಮುಚ್ಚಿ, ಹಕ್ಕಿ ಬಿಟ್ಟುಹೋದ ಟೊಂಗೆಯ ತೂಗಾಟವನ್ನು ಕೂದಲೆಳೆಯಷ್ಟೂ ಅಲುಗದಂತೆ ಹಿಡಿದುಕೊಡುತ್ತದೆ. ಹಕ್ಕಿ ಅಲ್ಲೇ ಇದ್ದರೂ ಸಂಕಟ ತಪ್ಪಿದ್ದಲ್ಲ. ಎಂಟು ಮೀಟರ್ ದೂರದಲ್ಲಿ ಆ ಲೆನ್ಸಿನ ಫೋಕಸ್ಸಿನ ಆಳ ನಾಲ್ಕು ಸೆಂಟಿಮೀಟರಿನ ಆಸುಪಾಸು. ಕೊಕ್ಕು ಇಹದಲ್ಲಿದ್ದರೆ ಬಾಲ ಪರದಲ್ಲಿರುತ್ತದೆ. ನಿತ್ಯಹರಿದ್ವರ್ಣದ ನೆರಳಿನಲ್ಲಿ ಬೆಳಕು ಸಾಲದೆ ಐಎಸ್ಒವನ್ನು 6400ಕ್ಕೆ ಏರಿಸಿದರೆ ಇಹವೂ ರವೆ ಉದುರಿಸಿದಂತೆ ಕಾಣುತ್ತದೆ. ಪ್ರಧ್ವಂಸಕ್ಕೆ ಆದಿಯುಂಟು, ಅಂತ್ಯವಿಲ್ಲ ಎಂದು ಲಕ್ಷಣ. ನೊಣಹಿಡುಕಗಳು ಗಾಳಿಯಲ್ಲಿ ಹುಳ ಹಿಡಿದು ಮತ್ತೆ ಅದೇ ಟೊಂಗೆಗೆ ಮರಳುತ್ತವೆಯಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಅಂಥ ಶಾಸ್ತ್ರಬಾಹಿರ ಹಕ್ಕಿಗಳನ್ನು ಈ ಪ್ರಬಂಧ ಪರಿಗಣಿಸಿಲ್ಲ.

2016ರಲ್ಲಿ ಒಲಿಂಪಸ್ ಕಂಪನಿ ಈ ಅಭಾವದ ಬುಡಕ್ಕೇ ಕೊಡಲಿ ಹಾಕಲು ನೋಡಿತು. ಅದರ ಹೊಸ ಕ್ಯಾಮೆರಾದಲ್ಲಿ ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಸಾಕು, ಪೂರ್ತಿ ಒತ್ತುವುದಕ್ಕೆ ಮುಂಚಿನ ಕೆಲವು ಚಿತ್ರಗಳೂ ಉಳಿದುಕೊಳ್ಳುತ್ತವೆ. ಈಗ ಬೇರೆ ಕಂಪನಿಗಳೂ ಇದನ್ನು ಕಲಿತಿವೆ. ಕಾರಣಕ್ಕಿಂತ ಮೊದಲೇ ಕಾರ್ಯ ಹುಟ್ಟುವುದನ್ನು ನಮ್ಮ ನೈಯಾಯಿಕರು ಒಪ್ಪುವುದಿಲ್ಲ. ಕ್ಯಾಮೆರಾ ಅಂಗಡಿಯವರು ಮಾತ್ರ ತಿಂಗಳ ಕಂತಿನಲ್ಲಿ ಒಪ್ಪಿಸುತ್ತಾರೆ.

ಅನ್ಯೋನ್ಯಾಭಾವವೆಂದರೆ ಇದು ಅದಲ್ಲ ಎಂಬುದು. ಮನೆಗೆ ಬಂದು ಹಿಗ್ಗಿಸಿ ನೋಡಿದಾಗ ಉಲಿಯಕ್ಕಿ ಒಣಗಿದ ಎಲೆಯಾಗುವುದು ಇದರ ಸ್ಥೂಲರೂಪ. ಸೂಕ್ಷ್ಮರೂಪ ಇನ್ನೂ ಘೋರ. ಹಕ್ಕಿ ನಿಜವಾಗಿಯೂ ಸಿಕ್ಕಿದೆ, ಕಣ್ಣು ಹೊಳೆಯುತ್ತಿದೆ, ರೆಕ್ಕೆಯ ಮೇಲಿನ ತಿಳಿ ಪಟ್ಟಿಯೂ ಕಾಣುತ್ತಿದೆ. ಅದನ್ನು ಬಲ್ಲವರ ಮುಂದಿಟ್ಟು, ಇದು ಗ್ರೀನ್ ವಾರ್ಬ್ಲರೋ ಗ್ರೀನಿಶ್ ವಾರ್ಬ್ಲರೋ ಎಂದು ಕೇಳಿದರೆ ಅವರು ಚಿತ್ರದಿಂದ ಮುಖ ಎತ್ತಿ, “ಕೂಗು ಕೇಳಿಸಿಕೊಂಡಿರಾ?” ಎನ್ನುತ್ತಾರೆ. ಈ ಕುಲದವರನ್ನು ಕೂಗಿನಿಂದ ಗುರುತಿಸುವುದೇ ಭದ್ರ. ಅಲ್ಲಿಗೆ ಹಕ್ಕಿಯಿರುವ ಚಿತ್ರಕ್ಕಿಂತ ಖಾಲಿ ಕೊಂಬೆ ಮೇಲೆಂದು ಸಿದ್ಧವಾಯಿತು; ಖಾಲಿ ಕೊಂಬೆಯ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಕೊನೆಯದು ಅತ್ಯಂತಾಭಾವ, ಮೂರು ಕಾಲದಲ್ಲೂ ಇಲ್ಲದ್ದು. ಇದರ ಆಚಾರ್ಯ ಭೀಮರಾಜ. ನಾನಾ ಜಾತಿಯ ಹಕ್ಕಿಗಳು ಒಟ್ಟಾಗಿ ಮೇಯುತ್ತ ಸಾಗುವ ಹಿಂಡಿನಲ್ಲಿ ಈ ಉದ್ದಬಾಲದ ಕಾಜಾಣ ಇದ್ದೇ ಇರುತ್ತದೆ. ಉಳಿದವು ಎಬ್ಬಿಸಿದ ಹುಳಗಳನ್ನು ಹಿಡಿಯುವುದು ಅದರ ಕಸುಬು, ಹದ್ದಿನಿಂದ ಹರಟೆಮಲ್ಲನವರೆಗೆ ಕಂಡವರ ದನಿ ಅಣಕಿಸುವುದು ಹವ್ಯಾಸ. ಆ ದನಿ ನಂಬಿ ಪೊದೆಗೆ ಲೆನ್ಸ್ ನೆಟ್ಟವರ ಸಂಗ್ರಹದಲ್ಲಿ ಅತ್ಯಂತಾಭಾವದ ಶ್ರೇಷ್ಠ ಮಾದರಿಗಳಿವೆ.

ಖಾಲಿ ಚಿತ್ರದಲ್ಲಿ ಹಕ್ಕಿಯಿತ್ತೆಂದು ಸಾಧಿಸಲು ಎರಡು ಪ್ರಮಾಣಗಳು ಸಾಕು. ಹೊಗೆ ಕಂಡಲ್ಲಿ ಬೆಂಕಿಯಂತೆ, ಟೊಂಗೆ ಅಲ್ಲಾಡಿದಲ್ಲಿ ಹಕ್ಕಿ: ಇದು ಅನುಮಾನ. ಗಾಳಿಯೂ ಟೊಂಗೆ ಅಲ್ಲಾಡಿಸುತ್ತದೆಂದು ವಾದಿಸುವವರಿಗೆ ಗೈಡಿನ ಆಪ್ತವಾಕ್ಯವುಂಟು: “ಅಲ್ಲೇ ಇತ್ತಲ್ಲ ಸರ್, ಅಡ್ಡ ಕೊಂಬೆಯಿಂದ ಎಡಕ್ಕೆ. ಈಗಷ್ಟೇ ಹೋಯ್ತು ನೋಡಿ.”

ಇನ್ನು ಪೂರ್ವಪಕ್ಷ. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಗಣೇಶಗುಡಿಯ ಮ್ಯಾಗಜಿನ್ ಹೌಸಿನಲ್ಲಿ ಇಂದು ಹಕ್ಕಿಗಳಿಗೆ ನೀರಿನ ಬೋಗುಣಿಗಳಿವೆ. ಅಲ್ಲಿ ಸುಮ್ಮನೆ ಕೂತರೆ ಅವೇ ಸ್ನಾನಕ್ಕೆ ಬರುತ್ತವೆಂಬುದು ಒಂದು ಮತ. ನಿಜ, ಬರುತ್ತವೆ. ಅದರಿಂದ ಪ್ರಬಂಧಕ್ಕೆ ಆಗುವ ಹಾನಿಯನ್ನು ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಇನ್ನೊಂದು ಮತ: ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುವವರದು. ತನ್ನ ಜಾಗಕ್ಕೆ ಎದುರಾಳಿ ಬಂದನೆಂದು ತಿಳಿದ ಹಕ್ಕಿ ಮೇವು ಬಿಟ್ಟು, ಮೈ ಉಬ್ಬಿಸಿಕೊಂಡು, ಇಲ್ಲದ ಹಕ್ಕಿಯನ್ನು ಕೊಂಬೆಯಿಂದ ಕೊಂಬೆಗೆ ಹುಡುಕುತ್ತದೆ. ಈ ಕೆಲಸಕ್ಕೆ ನಾವಿದ್ದೇವೆ. ಮೂರು ಕಿಲೋ ಹೊತ್ತು, ಕಂತು ಕಟ್ಟಿ ಮಾಡುತ್ತಿರುವುದು ಇದನ್ನೇ. ಎಂಟು ಗ್ರಾಮಿನ ಜೀವವನ್ನು ಇದಕ್ಕೆ ಎಳೆಯುವ ಅಗತ್ಯವಿಲ್ಲ.

ಪ್ರದರ್ಶನಗಳಿಗೆ ರಿಕ್ತಶಾಖಾ ಚಿತ್ರಗಳನ್ನು ಕಳಿಸುವ ವಿದ್ವಾಂಸರು ಅಡಿಬರಹವನ್ನು ಏಕರೂಪವಾಗಿ ಬರೆಯುವುದು ಅಪೇಕ್ಷಣೀಯ. ಮಾದರಿ: ‘ಎಲೆ ಉಲಿಯಕ್ಕಿ, ಪ್ರಧ್ವಂಸಾನಂತರ. ಗಣೇಶಗುಡಿ. 600 ಎಂಎಂ, ಎಫ್4, 1/2000, ಐಎಸ್ಒ 6400. ಟ್ರೈಪಾಡ್ ಬಳಸಲಾಗಿದೆ.’