ಇತರೆ ವಿಷಯಗಳು

‘ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ’ ಅನ್ನೋದು ಬೇರೆ ಕಚೇರಿಗಳಲ್ಲಿ ಬಂದವರನ್ನು ಸಾಗಹಾಕುವ ಮಾತು. ನಮ್ಮಲ್ಲಿ ಅದು ಅಪ್ಪಟ ನಿಜ. ಮೀಟಿಂಗ್ ಇಲ್ಲದೆ ನಮ್ಮ ಸಾಹೇಬರು ಸುಮ್ಮನೆ ಕೂತಿದ್ದು ಕಂಡರೆ ಡ್ರೈವರೇ ಬಂದು ‘ಮೈಗೆ ಹುಷಾರಿಲ್ವಾ ಸಾರ್?’ ಅಂತ ವಿಚಾರಿಸುತ್ತಾನೆ.

ಅವರು ಕೆಟ್ಟವರಲ್ಲ, ಮೊದಲೇ ಹೇಳಿಬಿಡುತ್ತೇನೆ. ಸೋಮಾರಿಯಂತೂ ಅಲ್ಲವೇ ಅಲ್ಲ. ಹಿಂದಿನ ಸಾಹೇಬರ ಕಾಲದಲ್ಲಿ ಹನ್ನೊಂದರ ಸಭೆಗೆ ಹನ್ನೆರಡಕ್ಕೆ ಜನ ಸೇರುತ್ತಿದ್ದರು. ಕಾರ್ಯಸೂಚಿ ನಡುವೆ ಎಲ್ಲೋ ಜೆರಾಕ್ಸ್ ಅಂಗಡಿಯಿಂದ ಬಿಸಿಬಿಸಿಯಾಗಿ ಬರುತ್ತಿತ್ತು. ಇವರು ‘ಫಲಪ್ರದ ಸಭೆ’ ಎಂಬ ಎರಡು ದಿನದ ತರಬೇತಿ ಮುಗಿಸಿ, ಅಲ್ಲಿ ಕೊಟ್ಟ ಪೆನ್ನು, ಫೈಲು, ಬಟ್ಟೆ ಚೀಲದ ಸಮೇತ ವಾಪಸಾದ ಮೇಲೆ ಎಲ್ಲ ಬದಲಾಯಿತು. ಕಾರ್ಯಸೂಚಿ ಈಗ ಮೂರು ದಿನ ಮುಂಚೆಯೇ ವಾಟ್ಸಾಪ್ ಗುಂಪಿಗೆ ಬೀಳುತ್ತದೆ. ಒಂದೊಂದು ವಿಷಯದ ಎದುರಿಗೂ ಇಷ್ಟು ನಿಮಿಷ ಎಂದು ನಮೂದಾಗಿರುತ್ತದೆ. ಆ ನಿಮಿಷಗಳನ್ನು ಗೊತ್ತುಮಾಡಲು ಒಂದು ಪೂರ್ವಭಾವಿ ಸಭೆ. ಅದಕ್ಕೂ ಕಾರ್ಯಸೂಚಿ ಬೇಡವೇ? ಅದನ್ನು ತಯಾರಿಸುವವನು ನಾನು. ನಡಾವಳಿ ಬರೆಯುವವನೂ ನಾನೇ.

ಒಮ್ಮೆ ಅವರಿಗೆ ಅಮೆಜಾನ್‌ನ ಜೆಫ್ ಬೆಜೋಸ್ ಹುಚ್ಚು ಹಿಡಿಯಿತು. ಬೆಜೋಸ್ ತಮ್ಮ ಸಭೆಗಳಿಂದ ಸ್ಲೈಡುಗಳನ್ನು ಓಡಿಸಿಬಿಟ್ಟರು. ಆರು ಪುಟದ ಟಿಪ್ಪಣಿಯನ್ನು ಎಲ್ಲರೂ ಮೌನವಾಗಿ ಓದಿ, ಆಮೇಲೆ ಮಾತಿಗಿಳಿಯುವುದು ಅಲ್ಲಿಯ ಪದ್ಧತಿ. ‘ನಮ್ಮಲ್ಲೂ ಯಾಕಾಗಬಾರದು?’ ಅಂದರು. ನಾಲ್ಕು ಪುಟಕ್ಕಾಗುವಷ್ಟು ವಿಷಯವಿತ್ತು. ಉಳಿದೆರಡು ಪುಟವನ್ನು ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ನೀಗಿಸಿತು. ಓದಿಗೆ ಹೊತ್ತು ಇಟ್ಟಿದ್ದು ಮಧ್ಯಾಹ್ನ ಎರಡೂವರೆಗೆ. ಉಂಡು ಬಂದ ಹದಿನಾಲ್ಕು ಮಂದಿ, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಎರಡನೇ ಪುಟದ ಹೊತ್ತಿಗೆ ಲೆಕ್ಕಪತ್ರ ವಿಭಾಗದ ಹಿರಿಯರ ಗದ್ದ ಎದೆಗೆ ತಾಗಿತು. ಬೆರಳು ಮಾತ್ರ ಓದುತ್ತಿದ್ದ ಸಾಲಿನ ಮೇಲೇ ಇತ್ತು. ಮೂವತ್ತು ವರ್ಷದ ಸರ್ವೀಸು ಅಂದರೆ ಸುಮ್ಮನೆಯೆ? ‘ನಿಮ್ಮ ಅಭಿಪ್ರಾಯ?’ ಎಂದು ಸಾಹೇಬರು ಕೇಳಿದ್ದೇ ತಡ, ಕಣ್ಣು ತೆರೆಯದೆಯೇ ‘ಸಹಮತವಿದೆ ಸಾರ್’ ಅಂದರು. ನಡಾವಳಿಯಲ್ಲಿ ಅದು ‘ಕೂಲಂಕಷ ಪರಿಶೀಲನೆ’ ಎಂದು ದಾಖಲಾಗಿದೆ.

ಪಾರ್ಕಿನ್ಸನ್ ಎಂಬ ಇಂಗ್ಲಿಷ್ ಮಹಾಶಯ 1957ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಒಂದು ಸಮಿತಿಯನ್ನು ಕಲ್ಪಿಸಿದ್ದಾನೆ. ಆ ಸಮಿತಿ 1 ಕೋಟಿ ಪೌಂಡಿನ ಅಣುಸ್ಥಾವರಕ್ಕೆ ಎರಡೂವರೆ ನಿಮಿಷದಲ್ಲಿ ಜೈ ಅಂದು, 350 ಪೌಂಡಿನ ಸೈಕಲ್ ಶೆಡ್ಡಿನ ಮೇಲೆ ಮುಕ್ಕಾಲು ಗಂಟೆ ಗುದ್ದಾಡುತ್ತದೆ. ಅಣುಸ್ಥಾವರ ಯಾರಿಗೂ ಅರ್ಥವಾಗುವುದಿಲ್ಲ, ಸೈಕಲ್ ಶೆಡ್ಡು ಎಲ್ಲರಿಗೂ ಗೊತ್ತು. ಅವನು ನಮ್ಮ ಕಚೇರಿಗೆ ಯಾವಾಗ ಬಂದು ಹೋದನೋ!

ಮೊನ್ನೆಯ ಸಭೆಯನ್ನೇ ನೋಡಿ. ಕಡತಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಲಕ್ಷಗಟ್ಟಲೆ ರೂಪಾಯಿಯ ಬಾಬತ್ತು ಒಂದು ಗುಟುಕು ಕಾಫಿಯಲ್ಲಿ ಮುಗಿಯಿತು. ಸಹಮತ. ಕೊನೆಗೆ ಉಳಿದದ್ದು ‘ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು’, 5 ನಿಮಿಷ. ಹೊಸ ನೀರಿನ ಫಿಲ್ಟರನ್ನು ಎಲ್ಲಿಡುವುದು? ಹದಿನಾಲ್ಕು ಮಂದಿಗೂ ಜೀವ ಬಂತು. ಬಾಗಿಲ ಹತ್ತಿರ ಇಟ್ಟರೆ ಹೊರಗಿನವರೇ ಖಾಲಿ ಮಾಡುತ್ತಾರೆ ಎಂದು ಒಬ್ಬರು. ಹೊರಗಿನವರಿಗೆ ಬಾಯಾರಿಕೆ ಆಗುವುದಿಲ್ಲವೇ ಎಂದು ಇನ್ನೊಬ್ಬರು. ನೀರು ಈಶಾನ್ಯದಲ್ಲೇ ಇರಬೇಕು ಎಂದು ಲೆಕ್ಕಪತ್ರದ ಹಿರಿಯರು, ಈ ಸಲ ಕಣ್ಣು ಅಗಲಿಸಿಕೊಂಡು. ಈಶಾನ್ಯದಲ್ಲಿ ರೆಕಾರ್ಡ್ ರೂಮು. ಹಾಗಾದರೆ ರೆಕಾರ್ಡ್ ರೂಮನ್ನು ಎಲ್ಲಿಗೆ ಒಯ್ಯುವುದು?

ಅಟೆಂಡರ್ ಬಾಗಿಲಿನಿಂದ ತಲೆ ಹಾಕಿದ. ‘ಸಾರ್, ಪ್ಲಂಬರ್ ಬಂದವ್ನೆ.’

‘ಇರಪ್ಪ, ಅದೇ ಚರ್ಚೆ ಆಗ್ತಿದೆ.’

ಮದ್ದೂರು ವಡೆ ಬಂತು. ವಡೆಯ ಜೊತೆ ಚರ್ಚೆಯೂ ಗರಿಗರಿಯಾಯಿತು.

‘ಸಾರ್, ಅವ್ನು ಹೊಂಟೋಯ್ತೀನಿ ಅಂತಾವ್ನೆ.’

ಸಾಹೇಬರು ಕೈಸನ್ನೆಯಲ್ಲೇ ಅವನನ್ನು ಹೊರಗಟ್ಟಿದರು. ಎಲ್ಲರೂ ಇಷ್ಟು ಉತ್ಸಾಹದಿಂದ ಪಾಲ್ಗೊಂಡಿದ್ದನ್ನು ಕಂಡು ಅವರ ಮುಖ ಅರಳಿತ್ತು. ತರಬೇತಿಯಲ್ಲಿ ಹೇಳಿಕೊಟ್ಟಿದ್ದು ಇದನ್ನೇ ಅಲ್ಲವೇ? ಒಂದು ಗಂಟೆ ಹತ್ತು ನಿಮಿಷದ ಮೇಲೆ ಮೂವರ ಉಪಸಮಿತಿ ರಚನೆಯಾಗಿ, ಅಧ್ಯಕ್ಷರಿಗೆ ವಂದನೆಗಳೊಂದಿಗೆ ಸಭೆ ಮುಕ್ತಾಯವಾಯಿತು.

ಹೊರಗೆ ಬಂದರೆ ಮೆಟ್ಟಿಲ ಕೆಳಗಿನ ಗೋಡೆಯಲ್ಲಿ ಫಿಲ್ಟರ್ ನೇತಾಡುತ್ತಿತ್ತು. ಅಟೆಂಡರ್ ಸ್ಟೀಲ್ ಲೋಟ ಎತ್ತಿ ಗಟಗಟ ಕುಡಿಯುತ್ತಿದ್ದ. ಸಾಹೇಬರು ಫಿಲ್ಟರ್ ನೋಡಿದರು, ಗಡಿಯಾರ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನನಗೆ ಅರ್ಥವಾಯಿತು. ‘ಸುದೀರ್ಘ ಚರ್ಚೆಯ ನಂತರ ಫಿಲ್ಟರನ್ನು ಮೆಟ್ಟಿಲ ಕೆಳಗೆ ಅಳವಡಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಬರೆದೆ.

‘ಉಪಸಮಿತಿ ಸಾರ್?’

‘ಇರಲಿ ಬಿಡಿ, ಸ್ಥಳ ಪರಿಶೀಲನೆ ಮಾಡಲಿ.’

ಮಂಗಳವಾರ ಹನ್ನೊಂದಕ್ಕೆ ಅದರ ಮೊದಲ ಸಭೆ. ಕಾರ್ಯಸೂಚಿ ಗುಂಪಿಗೆ ಹಾಕಿದ್ದೇನೆ, ವಡೆಗೂ ಹೇಳಿದ್ದಾಗಿದೆ.