ಭಾವನ ಬೆಳಕು

ಕೊಚ್ಚಿಯ ಕಾಕ್ಕನಾಡಿನ ಯಾವುದೇ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಭಾನುವಾರ ಸಂಜೆ ಇಳಿದು ನೋಡಿ. ಬರ್ಮುಡಾ ತೊಟ್ಟ ಒಬ್ಬಾತ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಅದರ ಹೊಟ್ಟೆಯೊಳಗೆ ಇಣುಕುತ್ತಿರುತ್ತಾನೆ. ಕೆಟ್ಟಿದೆಯಾ ಎಂದು ಕೇಳಬಾರದು. ಕೆಟ್ಟ ಬೈಕನ್ನು ಮೆಕ್ಯಾನಿಕ್ಕಿಗೆ ಕೊಡುತ್ತಾರೆ. ಚೆನ್ನಾಗಿ ಓಡುವುದನ್ನು ಮಾತ್ರ ಈ ಜಾತಿಯವರು ತಾವೇ ರಿಪೇರಿ ಮಾಡುತ್ತಾರೆ. ಕಂಪನಿಯ ಎಂಜಿನಿಯರುಗಳು ವರ್ಷಗಟ್ಟಲೆ ಕೂತು ಹಾಕಿದ ಲೆಕ್ಕದಲ್ಲಿ ಎಲ್ಲೋ ಒಂದು ಚೂರು ಬಿಟ್ಟುಹೋಗಿದೆ, ಅದು ತನ್ನ ಕೈಗಾಗಿಯೇ ಕಾದಿದೆ ಎಂದು ಇವರ ನಂಬಿಕೆ. ಬಾಯಿ ತೆರೆದರೆ ಸ್ಯಾಗ್, ಪ್ರೀಲೋಡ್, ಡ್ಯಾಂಪಿಂಗ್. ಮದುವೆ ಊಟದ ಪಂಕ್ತಿಯಲ್ಲಿ ಹೋಳಿಗೆ ಬರುವಷ್ಟರಲ್ಲಿ ಪಕ್ಕದವರ ಟಯರಿನಲ್ಲಿ ಗಾಳಿ ಎಷ್ಟಿದೆ ಎಂದು ತಿಳಿದುಕೊಂಡಿರುತ್ತಾರೆ.

ಊರಲ್ಲಿ ಇಂಥವರು ಎಷ್ಟು ಬೇಕಾದರೂ ಇರಲಿ, ನನಗೇನು? ಕಷ್ಟವೆಂದರೆ, ಒಬ್ಬ ನನ್ನ ಹೆಂಡತಿಯ ತಮ್ಮ. ಅವನಿಗೆ ನಾನು ಭಾವ, ನನಗೂ ಅವನು ಭಾವ; ಇಬ್ಬರೂ ಹಾಗೆಯೇ ಕರೆದುಕೊಳ್ಳುವುದು.

ಬದಿಯಡ್ಕದ ಹುಡುಗ. ಇನ್ಫೋಪಾರ್ಕಿನಲ್ಲಿ ಕೆಲಸ, ನಮ್ಮ ಮನೆಯಲ್ಲಿ ರಾತ್ರಿಯೂಟ, ಕೆಎಲ್ 14 ನಂಬರಿನ ಎಕ್ಸ್‌ಪಲ್ಸ್ ಬೈಕು. 2019ರಲ್ಲಿ ಅದು ಮಾರುಕಟ್ಟೆಗೆ ಬಂದ ಹೊಸತರಲ್ಲೇ ಕೊಂಡ. ಕೆಲವು ತಿಂಗಳು ಸುಮ್ಮನೆ ಓಡಿಸಿದ್ದೇ ಅವನ ದೊಡ್ಡ ತಪಸ್ಸು. ಆಮೇಲೆ ಹಿಂಬದಿಯ ಶಾಕ್ ಅಬ್ಸಾರ್ಬರ್ ತೆಗೆದು ಇನ್ನೂ ಉದ್ದದ್ದೊಂದನ್ನು ಹಾಕಿಸಿಕೊಂಡು ಬಂದ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು ಅದೇ ವರ್ಷ ಜನವರಿಯಲ್ಲಿ ಹೇಳಿತ್ತು. ಕೇರಳದಿಂದಲೇ ಹೋದ ಮೊಕದ್ದಮೆ ಅದು. ಪೇಪರ್ ಓದುವವನಾದ್ದರಿಂದ ನಾನು ಇದನ್ನು ಎತ್ತಿದೆ.

"ಬಣ್ಣ ಬದಲಿಸಲಿಲ್ಲ, ಸೈಲೆನ್ಸರ್ ಬದಲಿಸಲಿಲ್ಲ. ಸ್ಪ್ರಿಂಗ್ ಯಾರಿಗೆ ಕಾಣ್ತದೆ ಭಾವ?" ಎಂದ.

ಸ್ಪ್ರಿಂಗ್ ಕಾಣಲಿಲ್ಲ. ಲೈಟು ಕಾಣಿಸಿತು.

ಬೈಕಿನ ಹಿಂಬದಿ ಎದ್ದರೆ ಮೂಗು ನೆಲ ನೋಡುತ್ತದೆ, ಮೂಗಿನ ಮೇಲಿರುವ ದೀಪವೂ ನೋಡುತ್ತದೆ. ಎಷ್ಟು ಎಂಬುದನ್ನು ಭಾವ ನಮ್ಮ ಗ್ಯಾಸ್ ಬಿಲ್ಲಿನ ಹಿಂದೆ ಬರೆದು ತೋರಿಸಿದ. ಎರಡು ಚಕ್ರಗಳ ನಡುವೆ 1,410 ಮಿಲಿಮೀಟರ್. ಹಿಂಬದಿ ಎದ್ದದ್ದು ಒಂದಂಗುಲ, ಅಂದರೆ 25 ಮಿಲಿಮೀಟರ್. ನೆಲದಿಂದ ಒಂದು ಮೀಟರ್ ಎತ್ತರದ ದೀಪದ ಡಿಮ್ ಬೆಳಕು ಹತ್ತು ಮೀಟರಿಗೆ ಹತ್ತು ಸೆಂಟಿಮೀಟರಿನಂತೆ ಇಳಿಯುತ್ತ ಹೋದರೆ ನೂರು ಮೀಟರ್ ದೂರದಲ್ಲಿ ರಸ್ತೆ ಮುಟ್ಟುತ್ತದೆ. ಈ ಒಂದಂಗುಲ ಸೇರಿದ್ದೇ ಅದು ಬರೀ 36 ಮೀಟರಿಗೆ ಬಂದು ಬೀಳುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅಷ್ಟು ದೂರ ಮುಗಿಯಲು ಎರಡು ಸೆಕೆಂಡು ಸಾಕು. "ಹೊಂಡ ಕಾಣುವುದು ಹೊಂಡಕ್ಕೆ ಬಿದ್ದ ಮೇಲೆ," ಎಂದು ವಿವರಿಸಿದ. ಕೊಚ್ಚಿಯ ಮಳೆಗಾಲದಲ್ಲಿ ಮೂಲ ಲೈಟಿನಲ್ಲೂ ಹಾಗೆಯೇ ಆಗುತ್ತದೆ ಎಂದೆ. ಅವನು ಬಿಲ್ಲನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಗ್ಯಾಸಿನವನು ಬಂದಾಗ ಹುಡುಕಾಡಿದ್ದು ನಾನು.

ಲೈಟನ್ನು ಮೇಲೆತ್ತಿದರೆ ಮುಗಿಯಿತಲ್ಲ? ದೀಪದ ಹಿಂದೆ ಒಂದು ಸ್ಕ್ರೂ ಇರುತ್ತದೆ, ತಿರುಗಿಸಿದರಾಯಿತು. ಬೇರೆಯವರಾದರೆ ಅಷ್ಟೇ ಮಾಡುತ್ತಿದ್ದರು. ಭಾವ ಕಾನೂನು ಓದಿದ. ಶಾಕ್ ಬದಲಿಸುವಾಗ ಬೇಡವಾಗಿದ್ದ ಕಾನೂನು ಈಗ ಬೇಕಾಯಿತು. ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಅದರ 106ನೆಯದು. ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೆಳಗಿಳಿಸಿದ ಬೆಳಕು ಕುಕ್ಕಬಾರದು. ಸರಕಾರ ದಿಲ್ಲಿಯಲ್ಲಿ ಕೂತು ಹೀಗೊಬ್ಬ ಮನುಷ್ಯನನ್ನು ಕಲ್ಪಿಸಿಕೊಂಡಿತ್ತು. ಭಾವನಿಗೆ ಆ ಮನುಷ್ಯ ಮನೆಯಲ್ಲೇ ಸಿಕ್ಕಿದ.

ನನ್ನ ಎತ್ತರ ಐದಡಿ ಮೂರಂಗುಲ. ಚಪ್ಪಲಿ ಹಾಕಿ ನಿಂತರೆ ಕಣ್ಣು ಸರಿಯಾಗಿ ಒಂದೂವರೆ ಮೀಟರಿಗೆ ಬರುತ್ತದೆ. ಹೆಣ್ಣು ನೋಡಲು ಹೋದ ದಿನ ಇದೇ ಎತ್ತರದ ಬಗ್ಗೆ ಬದಿಯಡ್ಕದ ಮನೆಯ ಒಳಕೋಣೆಯಲ್ಲಿ ಗುಸುಗುಸು ನಡೆದದ್ದು ನನಗೆ ಗೊತ್ತು. ಈಗ ಅದೇ ಮನೆಯ ಕುಡಿ ಟೇಪು ಹಿಡಿದು, "ಒಂದು ಮಿಲಿಮೀಟರ್ ಹೆಚ್ಚಿಲ್ಲ, ಕಡಿಮೆಯಿಲ್ಲ ಭಾವ!" ಎಂದು ಕೊಂಡಾಡಿತು.

ನೆಲಕ್ಕೆ ಸೀಮೆಸುಣ್ಣದ ಗುರುತು ಬಿತ್ತು. ಅದರ ಮೇಲೆ ನಾನು. ಪೆಟ್ರೋಲ್ ಟ್ಯಾಂಕ್ ಭರ್ತಿ. ಸವಾರನ ಭಾರ ಇದ್ದರೇ ಲೆಕ್ಕ ಸರಿಯಾಗುವುದೆಂದು ಭಾವ ಬೈಕಿನ ಮೇಲೆ. ಸ್ಕ್ರೂ ತಿರುಗಿಸಲು ವಾಚ್‌ಮನ್ ಚೇಟ. 2017ರ ಏಪ್ರಿಲಿನಿಂದ ಈಚಿನ ಬೈಕುಗಳಿಗೆ ಲೈಟ್ ಆರಿಸುವ ಸ್ವಿಚ್ಚೇ ಇಲ್ಲ; ಎಂಜಿನ್ ಓಡುತ್ತಿದ್ದರೆ ದೀಪ ಉರಿಯುತ್ತದೆ. ಆದ್ದರಿಂದ ಎಂಜಿನ್ ಓಡುತ್ತಲೇ ಇತ್ತು, ಹೊಗೆ ನೆಲಮಾಳಿಗೆಯಲ್ಲೇ ಸುತ್ತುತ್ತಿತ್ತು.

"ಹೊಡೀತದಾ ಭಾವ?"

"ಹೊಡೀತದೆ."

"ಈಗ?"

"ಈಗಲೂ."

"ಹಾಗೆ ಹೇಳಿದರೆ ಹೇಗೆ ಮಾರಾಯ್ರೆ? ಹತ್ತರಲ್ಲಿ ಎಷ್ಟು ಹೊಡೀತದೆ? ಕಣ್ಣು ಕಿರಿದು ಮಾಡಬೇಡಿ, ಎದುರಿಂದ ಬರುವ ಡ್ರೈವರ್ ಕಣ್ಣು ಮುಚ್ಚಿಕೊಂಡು ಬರ್ತಾನಾ?"

ಚೇಟ ಒಂದು ಸುತ್ತು ಹೆಚ್ಚು ತಿರುಗಿಸಿದಾಗ ನನಗೆ ಭಾವ, ಚೇಟ, ಕೊಚ್ಚಿ ಯಾವುದೂ ಕಾಣಲಿಲ್ಲ. ಮೇಲಿನ ಮಹಡಿಯವರು ಕಾರು ತರಲು ಬಂದು, ಪೊಲೀಸಿನವರು ವಿಚಾರಣೆ ನಡೆಸುತ್ತಿದ್ದಾರೆಂದು ತಿಳಿದು ಹಿಂದಿರುಗಿದರಂತೆ. ಕೊನೆಗೂ 'ಹತ್ತರಲ್ಲಿ ಒಂದು' ಎಂದೆ. ಸುಳ್ಳು, ಹಸಿವಾಗಿತ್ತು.

ಇಷ್ಟಕ್ಕೆ ನಿಂತಿದ್ದರೆ ನಾನು ಬರೆಯುತ್ತಿರಲಿಲ್ಲ. ಹಿಂಬದಿ ಗಟ್ಟಿಯಾದ ಮೇಲೆ ಮುಂಬದಿ ಮೆತ್ತಗಾಯಿತು ಎಂದು ಅನ್ನಿಸಿತು ಅವನಿಗೆ. ಫೋರ್ಕಿಗೆ ಬಿಗಿಯಾದ ಸ್ಪ್ರಿಂಗ್ ಬಂತು. ಮೂಗು ಎದ್ದಿತು, ಲೈಟು ತೆಂಗಿನ ಮರಗಳ ಕಡೆಗೆ ಹೋಯಿತು. ಮತ್ತೆ ಸೀಮೆಸುಣ್ಣ, ಮತ್ತೆ ನಾನು.

2020ರ ಜನವರಿಯಲ್ಲಿ ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನದಲ್ಲಿ ಲಕ್ಷದೀಪ. ಆರು ವರ್ಷಕ್ಕೊಮ್ಮೆ ಬರುವುದು, 56 ದಿನಗಳ ಮುರಜಪ ಮುಗಿದ ಮೇಲೆ. ರೈಲಿನಲ್ಲಿ ಜಾಗವಿರಲಿಲ್ಲ, ಬೈಕಿನ ಹಿಂದಿನ ಸೀಟಿನಲ್ಲಿತ್ತು. ಹಿಂದಿನ ದಿನ ಸಂಜೆ ಆಫೀಸು ಬಿಟ್ಟು ಹೊರಟೆವು. ಕೋಟ್ಟಯಂ ದಾಟಿ ಎಂ.ಸಿ. ರೋಡಿನಲ್ಲಿ ಕತ್ತಲಾದದ್ದೇ, ಎದುರಿನ ಬಸ್ಸು ಲಾರಿಗಳೆಲ್ಲ ನಮಗೆ ಲೈಟ್ ಮಿಣುಕಿಸತೊಡಗಿದವು. ನಮ್ಮ ಬೆಳಕು ರಸ್ತೆ ಬಿಟ್ಟು ಪಕ್ಕದ ತೋಟದಲ್ಲಿ ರಬ್ಬರ್ ಮರಗಳಿಗೆ ಕಟ್ಟಿದ ಕರಟಗಳನ್ನು ತೋರಿಸುತ್ತಿತ್ತು. ಒಬ್ಬನ ಭಾರಕ್ಕೆ ಹೊಂದಿಸಿದ ದೀಪ. ನಾನು ಕೂತದ್ದರಿಂದ ಹಿಂಬದಿ ಕುಸಿದಿತ್ತು.

"ಭಾವ, ನೀವು ಸ್ವಲ್ಪ ಮುಂದೆ ಸರಿದು ಕೂತರೆ ಬೀಮ್ ಸರಿಯಾಗ್ತದೆ."

ಸರಿದೆ.

"ಇನ್ನೂ ಸ್ವಲ್ಪ."

ಚಂಗನಾಶ್ಶೇರಿ ಬರುವಷ್ಟರಲ್ಲಿ ನಾನು ಅವನ ಬೆನ್ನಿಗೆ ಅಂಟಿಕೊಂಡಿದ್ದೆ. ಮನುಷ್ಯನಿಗೆ ಮದುವೆಯಿಂದ ಬರುವ ಸಂಬಂಧಗಳು ಇಷ್ಟು ಹತ್ತಿರವಾಗಬಾರದು. ಚೆಂಗನ್ನೂರಿನಲ್ಲಿ ಸೂಪರ್‌ಫಾಸ್ಟ್ ಬಸ್ಸಿನ ಡ್ರೈವರೊಬ್ಬರು ಕಿಟಕಿಯಿಂದ ತಲೆ ಹಾಕಿ, "ಮೋನೇ, ಆ ಲೈಟೊಂದು ತಾಳ್ತೆಡಾ!" ಎಂದು, ಲೈಟು ತಗ್ಗಿಸಲು ಗದರಿದರು. ಬೇರೆಯವರಾದರೆ ತಿರುಗಿ ಬೈದಾರು. ಭಾವ "ಸಾರಿ ಚೇಟಾ" ಎಂದು ಕೈಮುಗಿದು, ತಟ್ಟುಕಡೆಯ ಗೋಡೆಯೆದುರು ಬೈಕು ನಿಲ್ಲಿಸಿ ಸ್ಪ್ಯಾನರ್ ತೆಗೆದ. ಹಿಂದಿನ ಸ್ಪ್ರಿಂಗಿನ ಪ್ರೀಲೋಡ್ ಬಿಗಿ ಮಾಡುವುದು, ನನ್ನನ್ನು ಹತ್ತಿಸುವುದು, ಗೋಡೆ ನೋಡುವುದು, ಇಳಿಸುವುದು. ನನ್ನ ಕೈಯಲ್ಲಿದ್ದ ಕಟ್ಟಂಚಾಯ ಆರಿಹೋಯಿತು. ಅಂಗಡಿಯಲ್ಲಿದ್ದ ಲಾರಿಯವರೊಬ್ಬರು, ಗಾಜಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿ, ನಾವು ಹಿಂದೆ ಹಾಗೇ ಮಾಡುತ್ತಿದ್ದೆವು ಎಂದರು. ಭಾವ ನಕ್ಕ, ಉತ್ತರ ಕೊಡಲಿಲ್ಲ.

ಅಲ್ಲಿಂದ ಮುಂದೆ ಯಾರೂ ಮಿಣುಕಿಸಲಿಲ್ಲ. ನಮ್ಮ ಕಣ್ಣಿಗೆ ಮಾತ್ರ ಎಲ್ಲರೂ ಹೊಡೆದರು. ಈಚೆಗೆ ಕಾರಿಗೂ ಸ್ಕೂಟರಿಗೂ ಬಿಳಿ ಎಲ್‌ಇಡಿ ಹಚ್ಚಿ ಹಗಲು ಮಾಡಿಕೊಂಡು ಬರುತ್ತಾರಲ್ಲ, ಅವರಿಗೂ ಇವನು ಡಿಮ್ ಮಾಡುತ್ತಿದ್ದ. ರಸ್ತೆಯಂಚಿನಲ್ಲಿ ಚೀಲ ಹಿಡಿದು ನಡೆಯುವ ಒಂಟಿ ಮುದುಕರಿಗೂ ಮಾಡುತ್ತಿದ್ದ. ಯಾಕೆಂದು ಕೇಳಲಿಲ್ಲ. ಕಣ್ಣಿನ ಆಪರೇಷನ್ ಆದ ನಮ್ಮ ಮಾವ ಮುಸ್ಸಂಜೆ ಬದಿಯಡ್ಕ ಪೇಟೆಯಿಂದ ಮನೆಗೆ ನಡೆದು ಬರುವಾಗ, ವಾಹನ ಬಂದ ಕೂಡಲೇ ಚರಂಡಿಯ ಅಂಚಿಗೆ ಸರಿದು, ಹುಬ್ಬಿಗೆ ಅಂಗೈ ಅಡ್ಡ ಹಿಡಿದು, ಅದು ದಾಟಿ ಕತ್ತಲು ಮತ್ತೆ ಹದವಾಗುವವರೆಗೂ ಅಲ್ಲಾಡದೆ ನಿಲ್ಲುತ್ತಾರೆ. ನಾನೂ ನೋಡಿದ್ದೇನೆ.

ಮರುದಿನ ದೇವಸ್ಥಾನದಲ್ಲಿ ಮುಂಡು ಉಟ್ಟು, ಬರಿಮೈಯಲ್ಲಿ ಜನರ ನಡುವೆ ನಿಂತು, ಗೋಪುರದುದ್ದಕ್ಕೂ ದೀಪ ಹೊತ್ತಿದ್ದನ್ನು ನೋಡುತ್ತ ಭಾವ ತುಂಬ ಹೊತ್ತು ಸುಮ್ಮನಿದ್ದ. ಭಕ್ತಿ ಬಂತೆಂದುಕೊಂಡೆ.

"ಒಂದು ಲಕ್ಷ ಉಂಟಂತೆ ಭಾವ. ಒಂದೂ ಕಣ್ಣಿಗೆ ಹೊಡೆಯುವುದಿಲ್ಲ, ಗಮನಿಸಿದಿರಾ?"

ಈಗ ಅವನು ಟೆಕ್ನೋಪಾರ್ಕಿಗೆ ಹೋಗಿದ್ದಾನೆ, ಕಳಕ್ಕೂಟ್ಟಂನಲ್ಲಿ ಮನೆ. ಸೀಮೆಸುಣ್ಣದ ಗುರುತನ್ನು ನಮ್ಮ ವಾಚ್‌ಮನ್ ಚೇಟ ಅಳಿಸಲು ಬಿಟ್ಟಿಲ್ಲ. ನಾವು ಅಲ್ಲಿಗೆ ಹೋಗುವವರಿದ್ದೇವೆ; ಅಕ್ಕನನ್ನು ಬೈಕಿನಲ್ಲಿ ಪೊನ್ಮುಡಿಗೆ ಕರೆದೊಯ್ಯುವುದು ಅವನ ಯೋಜನೆ. 22 ಹೇರ್‌ಪಿನ್ ತಿರುವು, ಇಳಿಯುವಾಗ ಮಂಜು ಬೇರೆ. ಮೊನ್ನೆ ಅದಕ್ಕಾಗಿಯೇ ಫೋನು ಮಾಡಿದ್ದ.

"ಪ್ರೀಲೋಡ್ ಮೊದಲೇ ಸೆಟ್ ಮಾಡಿ ಇಡ್ತೇನೆ ಭಾವ. ಅಕ್ಕನ ತೂಕ ಈಗ ಎಷ್ಟುಂಟು? ಪ್ಯಾಕಿಂಗಿನದ್ದು ಬಿಟ್ಟು ಹೇಳಿ."

ಫೋನಿನ ಸ್ಪೀಕರ್ ಆನ್ ಇತ್ತು. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ನಾನು ಫೋನನ್ನು ಮೇಜಿನ ಮೇಲಿಟ್ಟು, "ಇಕೊಳ್ಳಿ, ಅವಳೇ ಬರ್ತಾ ಇದ್ದಾಳೆ, ಅವಳನ್ನೇ ಕೇಳಿ," ಎಂದು ಬಾಲ್ಕನಿಗೆ ಹೋದೆ.